ಒಂದೇ ತಟ್ಟೆ, ಮೂರು ನಿಮಿಷ

ಎರಡನೇ ಮಹಾಯುದ್ಧದ ಕಾಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ವಹಾಬ್ ಸಾಬರು ಎರಡು ಗಾಜಿನ ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೆಂಡತಿ ಖುರ್ಷೀದ್ ಬೇಗಂ ತನ್ನ ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದಳು. ಗ್ರಾಮಫೋನಿಗೆ ಹಾಡು ಕೊರೆಯುವ ಲೋಹದ ತಟ್ಟೆಗಳು ಆಗ ಸಿಗುತ್ತಿರಲಿಲ್ಲ. ಗಾಜಿಗೆ ಕಪ್ಪು ಮೆರುಗು ಬಳಿದವು ಮೈಸೂರಿನಲ್ಲಿ ಎರಡೇ ದೊರೆತಿದ್ದವು. ಬಸ್ಸು ಗುಂಡಿಗೆ ಇಳಿದಾಗೆಲ್ಲ ಸಾಬರು ಗಂಟನ್ನು ಮಡಿಲಿನಿಂದ ಎತ್ತಿ ಹಿಡಿಯುತ್ತಿದ್ದರು. ಇಳಿದು ಬಿಚ್ಚಿ ನೋಡಿದರೆ ಒಂದು ತಟ್ಟೆ ಅಂಚಿನಿಂದ ನಡುವಿನವರೆಗೆ ಸೀಳಿತ್ತು.

ಸಾಬರದು ಗ್ರಾಮಫೋನು ರಿಪೇರಿ ಅಂಗಡಿ. ಯಾರೋ ಗುಜರಿಗೆ ಹಾಕಿದ್ದ, ತಟ್ಟೆಗೆ ಹಾಡು ಕೊರೆಯುವ ಯಂತ್ರವನ್ನು ತಂದು, ಎರಡು ವರ್ಷ ಅದರ ಮುಂದೆ ಕೂತು ನಡೆಯುವ ಹಾಗೆ ಮಾಡಿದ್ದರು. ಬೆಳಕವಾಡಿಯ ಲಿಂಗಯ್ಯನ ತಂಬೂರಿ ಪದ ಅವರಿಗೆ ಪ್ರಾಣ. ಆದರೆ ಹೋದ ವರ್ಷದ ವಿಷಮಜ್ವರದಲ್ಲಿ ಲಿಂಗಯ್ಯನ ದನಿ ಆರು ತಿಂಗಳು ಪೂರ್ತಿ ನಿಂತುಹೋಗಿತ್ತು. ಈಗ ಬಂದಿದೆ, ನಂಬುವ ಹಾಗಿಲ್ಲ. ಮತ್ತೆ ಹೋಗುವ ಮೊದಲೇ ತಟ್ಟೆಯಲ್ಲಿ ಹಿಡಿಯಬೇಕು.

ಮಳವಳ್ಳಿಯಲ್ಲಿ ಕರೆಂಟಿದ್ದ ಒಬ್ಬ ಮೇಷ್ಟ್ರ ಮನೆ ಗೊತ್ತು ಮಾಡಿ, ಯಂತ್ರವನ್ನು ಮೊದಲೇ ಅಲ್ಲಿಗೆ ಸಾಗಿಸಿದ್ದರು. ಇದ್ದದ್ದು ಒಂದೇ ಮೈಕು. ಅದನ್ನು ಸೈಕಲ್ ಟ್ಯೂಬಿನ ಪಟ್ಟಿಗಳಿಂದ ತೊಟ್ಟಿಲ ಕೊಂಡಿಗೆ ತೂಗುಬಿಟ್ಟರು. ದನಿ ಗೋಡೆಗೆ ಬಡಿದು ಮೊಳಗದಂತೆ ಸುತ್ತ ಕಂಬಳಿ ಇಳಿಬಿಟ್ಟರು. ಜೋರಾಗಿ ದಮ್ಮಡಿ ಬಡಿಯುವ ದೊಡ್ಡಸಿದ್ದಯ್ಯ ಬಾಗಿಲಾಚೆ, ತಾಳ ಹಾಕುವ ಲಿಂಗಯ್ಯನ ಹೆಂಡತಿ ಮಂಗಳಮ್ಮ ಮೂಲೆಯಲ್ಲಿ, ಲಿಂಗಯ್ಯ ಮೈಕಿಗೆ ಒಂದು ತೋಳಿನ ದೂರ.

ಲಿಂಗಯ್ಯ ಯಂತ್ರವನ್ನು ಬಗ್ಗಿ ನೋಡಿದ. "ಸಾಬ್ರೇ, ಇದು ದನಿ ಕಿತ್ಕಂಡು ಓಯ್ತದಾ? ಮತ್ತೆ ಬಾಯಿ ಬುಡಾಕೇ ಆಗದಿದ್ರೆ?"

"ಇಲ್ಲ ಕಣಣ್ಣ, ನೆರಳು ಹಿಡ್ದಂಗೆ ಅಷ್ಟೇ" ಎಂದರು ಸಾಬರು. ಸೀಳದೆ ಉಳಿದ ಒಂದೇ ತಟ್ಟೆಯನ್ನು ಯಂತ್ರದ ಮೇಲಿಟ್ಟು ಮಂಡಿಯೂರಿ ಕೂತರು. ತಟ್ಟೆಯಲ್ಲಿ ಹಿಡಿಯುವುದು ಮೂರೇ ನಿಮಿಷ, ಅಳಿಸಿ ತಿದ್ದುವಂತಿಲ್ಲ. ಕೆಮ್ಮಿದರೆ ಕೆಮ್ಮೂ ಉಳಿಯುತ್ತದೆ.

ಸೂಜಿ ಇಳಿಯಿತು. ಅದು ಕೊರೆದ ಮೆರುಗು ಕಪ್ಪು ಎಳೆಯಾಗಿ, ಕೂದಲಿನಂತೆ ಸುರುಳಿ ಸುರುಳಿಯಾಗಿ ಎದ್ದಿತು. ಮೊದಲ ಎರಡು ನುಡಿ ಚೆನ್ನಾಗಿ ಬಂದವು. ಮೂರನೆಯದರ ಏರಿನಲ್ಲಿ ಲಿಂಗಯ್ಯನ ಗಂಟಲು ಕಟ್ಟಿತು. ಬಾಯಿ ತೆರೆದೇ ಇದೆ, ದನಿ ಇಲ್ಲ. ಕಣ್ಣು ಅಗಲವಾಗಿ ಸಾಬರನ್ನೇ ನೋಡಿದ. ಸಾಬರ ಕೈ ಸೂಜಿ ಎತ್ತಲು ಹೋಯಿತು, ತಡೆಯಿತು.

ಆಗ ಮೂಲೆಯಿಂದ ಮಂಗಳಮ್ಮ ಪದ ಎತ್ತಿಕೊಂಡಳು. ನಾಲ್ಕು ಜನರ ಮುಂದೆ ಅವಳು ಎಂದೂ ಹಾಡಿದವಳಲ್ಲ. ಹಾಡುತ್ತಲೇ ಎದ್ದು ಮೈಕಿನ ಬಳಿಗೆ ಬಂದಳು. ಲಿಂಗಯ್ಯ ತಂಬೂರಿ ನಿಲ್ಲಿಸಲಿಲ್ಲ. ತಟ್ಟೆ ಮುಗಿಯುವ ಹೊತ್ತಿಗೆ ಪದವೂ ಮುಗಿಯಿತು.

ಹಚ್ಚಿದಷ್ಟೂ ಸವೆಯುವ ತಟ್ಟೆಯಾದ್ದರಿಂದ ಒಂದೇ ಸಲ ಕೇಳಿಸಿದರು. ಹೆಂಡತಿಯ ದನಿ ದೂರದಿಂದ ನಡೆದು ಹತ್ತಿರಕ್ಕೆ ಬರುವುದನ್ನು ಲಿಂಗಯ್ಯ ತಲೆ ತಗ್ಗಿಸಿ ಕೇಳಿದ. ತಟ್ಟೆ ನಿಂತ ಮೇಲೆ ಅವಳತ್ತ ತಿರುಗಿದ.

"ನೀ ಎಲ್ಲಿ ಕಲ್ತೆ ಇವ್ಳೇ?" ಎಂದ ಗೊಗ್ಗರು ದನಿಯಲ್ಲಿ.

"ಇಪ್ಪತ್ತೊರ್ಸ ನಿನ್ ಪಕ್ಕದಲ್ಲೇ ಕುಂತಿವ್ನಿ ಅಲ್ವಾ" ಎಂದಳು ಮಂಗಳಮ್ಮ.

ಆ ಏರನ್ನು ಲಿಂಗಯ್ಯ ಮತ್ತೆ ಹತ್ತಲಿಲ್ಲ. ಅಲ್ಲಿಂದಾಚೆ ಹಾಡಲು ಹೋದ ಮನೆಮನೆಯಲ್ಲಿ ಪದ ಅವಳದು, ತಂಬೂರಿ ಅವನದು. ಯುದ್ಧ ಮುಗಿದು ತಟ್ಟೆಗಳು ಸಿಗತೊಡಗಿದ ಮೇಲೆ ಸಾಬರು ಮೊದಲು ಹೇಳಿ ಕಳಿಸಿದ್ದು ಮಂಗಳಮ್ಮನಿಗೆ.