ಕಟ್ಟೆಮಳಲವಾಡಿಯ ಕಪ್ಪೆಚಿಪ್ಪು

1998ರ ಫೆಬ್ರವರಿ, ಒಂದು ಬುಧವಾರ, ಬೆಳಗ್ಗೆ ಎಂಟು ಗಂಟೆ. ಸ್ಥಳ, ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ನಿಂಗೇಗೌಡರ ಮನೆಗೆ ಹೊಂದಿಕೊಂಡ ಹೊಲ. ಹಾಜರಿದ್ದವರು ನಾನು, ಕುಂದಾಪುರದ ಕಡೆಯ ಮೇಸ್ತ್ರಿ ಶೀನ, ಹಗ್ಗ ಎಳೆಯಲು ಬಂದ ಊರಿನ ನಾಲ್ವರು, ಗೌಡರು, ಮತ್ತು ಜಗಲಿಯ ಮೇಲೆ ಕೋಲು ಹಿಡಿದು ಕೂತಿದ್ದ ಅವರ ಹೆಂಡತಿ ಸಾಕಮ್ಮ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ನಂಬುವುದು ನಿಮಗೆ ಕಷ್ಟವಾಗಬಹುದು. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಯಾರಾದರೂ ವಿಚಿತ್ರ ಕಂಡೆ ಎಂದರೆ, ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದಿರಾ ಎಂದು ಕೇಳುವವನು ನಾನು. ಅಂದು ನಾನು ಚೆನ್ನಾಗಿ ನಿದ್ದೆ ಮಾಡಿ, ಹೊತ್ತಿಗೆ ಸರಿಯಾಗಿ ತಿಂಡಿ ತಿಂದು ಬಂದಿದ್ದೆ.

ತಳಪಾಯ ಹಾಕುವ ಮುಂಚೆ ಮಣ್ಣಿನ ಬಲ ನೋಡುವುದು ನನ್ನ ಕೆಲಸ. ನೆಲದಲ್ಲಿ ಗೇಣಗಲದ ಬೋರು ತೆಗೆದು, ತುದಿಗೆ ಟೊಳ್ಳು ಕೊಳವೆ ಇರುವ ಕಬ್ಬಿಣದ ರಾಡನ್ನು ಇಳಿಸಿ, ಮೇಲಿನಿಂದ ಭಾರವಾದ ಗುಂಡನ್ನು ಎತ್ತಿ ಎತ್ತಿ ಬಿಡುತ್ತೇವೆ. ರಾಡು ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅಷ್ಟು ಮಣ್ಣು ಗಟ್ಟಿ. ಕೊಳವೆಯಲ್ಲಿ ಆ ಆಳದ ಮಣ್ಣೂ ಮೇಲೆ ಬರುತ್ತದೆ. ನನ್ನ ಸೇವೆಯ ಬಹುಭಾಗ ಕರಾವಳಿಯಲ್ಲೇ ಕಳೆಯಿತು. ಅಲ್ಲಿ ಹೊಳೆ ಸಮುದ್ರ ಸೇರುವ ಕಡೆ ಕಪ್ಪು ಕೆಸರು ಸಿಕ್ಕರೆ ಪೆಟ್ಟೇ ಬೇಡ, ರಾಡು ತನ್ನ ಭಾರಕ್ಕೆ ತಾನೇ ಇಳಿದುಹೋಗುತ್ತದೆ. ಹುಣಸೂರಿನ ಕಡೆಯ ಕೆಂಪು ನೆಲಕ್ಕೆ ಬಂದ ಮೇಲೆ ಅದನ್ನು ಮರೆತೇ ಬಿಟ್ಟಿದ್ದೆ.

ಗೌಡರ ಹೊಲದಲ್ಲಿ ಊರಿನ ನೀರಿನ ಟ್ಯಾಂಕು ಕಟ್ಟುವುದಿತ್ತು. ಹಿಂದಿನ ವರ್ಷ ಸಾಕಮ್ಮ ಕೊಡ ಹೊತ್ತು ಬರುವಾಗ ಬಾವಿಯ ಮೆಟ್ಟಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಅದಾದ ಮೇಲೆಯೇ ಗೌಡರು ಜಾಗ ಬಿಟ್ಟುಕೊಟ್ಟದ್ದು. ಮಣ್ಣು ಸರಿಯಿಲ್ಲ ಎಂದು ನಾನು ಬರೆದರೆ ಟ್ಯಾಂಕು ಆ ವರ್ಷ ಬೇರೆ ಊರಿನ ಪಾಲಾಗುತ್ತಿತ್ತು.

"ಕೆಟ್ಟದಾಗಿ ಬರ್ಕಬುಡ್ಬ್ಯಾಡಿ ಸಾ," ಎಂದರು ಗೌಡರು.

"ಇದ್ದದ್ದನ್ನ ಬರೀತೀನಿ ಗೌಡ್ರೆ."

"ಅಂಗಾರೆ ಸಾಕು ಬುಡಿ. ನಮ್ಮ ನೆಲ ಕಲ್ಲಿದ್ದಂಗೈತೆ."

ಅವರ ಮಾತು ಸುಳ್ಳಾಗಿರಲಿಲ್ಲ. ಮೂರು ಮೀಟರಿನಲ್ಲಿ ಗುಂಡು ಪುಟಿಯುವಷ್ಟು ಗಟ್ಟಿ. ನಾಲ್ಕೂವರೆ ಮೀಟರಿಗೆ ಬೋರು ಇಳಿಸಿದಾಗಲೂ ಒಣ ಕೆಂಪು ಗರಸೇ ಬಂತು. ಕೊಳವೆಯನ್ನು ನಾನೇ ತೊಳೆದು, ಒರೆಸಿ, ರಾಡಿಗೆ ತಿರುಗಿಸಿ ಹಾಕಿದೆ. ಆ ಕೆಲಸವನ್ನು ನಾನು ಎಂದೂ ಇನ್ನೊಬ್ಬರಿಗೆ ಬಿಟ್ಟವನಲ್ಲ. ರಾಡು ತಳ ಮುಟ್ಟಿ ನಿಂತಿತು. ರಾಡಿನ ಮೇಲೆ ಸೀಮೆಸುಣ್ಣದಿಂದ ಮೂರು ಗುರುತು ಹಾಕಿ ಗುಂಡನ್ನು ಮೆಲ್ಲಗೆ ಮೇಲಿಟ್ಟೆವು.

ನಾಲ್ವರೂ ಹಗ್ಗ ಹಿಡಿದು ನಿಂತಿದ್ದರು, ಇನ್ನೂ ಎಳೆದಿರಲಿಲ್ಲ. ರಾಡು ಇಳಿಯತೊಡಗಿತು. ಸದ್ದಿಲ್ಲದೆ, ಬೆಣ್ಣೆಯಲ್ಲಿ ಇಳಿದ ಹಾಗೆ. ಸುಣ್ಣದ ಮೂರೂ ಗುರುತು ಒಂದರ ಹಿಂದೊಂದು ಮಣ್ಣಿನೊಳಗೆ ಹೋದವು.

ಮೇಲೆತ್ತಿ ಕೊಳವೆ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಸಮುದ್ರದ ಉಬ್ಬರ ಇಳಿದ ಮೇಲೆ ಕರಾವಳಿಯ ಹೊಳೆಬಾಯಿಯಲ್ಲಿ ಬರುವ ವಾಸನೆ. ಒಳಗೆ ಹಸಿ ಕಪ್ಪು ಕೆಸರು. ಅದರ ನಡುವೆ ಹೆಬ್ಬೆರಳಿನ ಗಾತ್ರದ ಒಂದು ಕಪ್ಪೆಚಿಪ್ಪು, ಸ್ವಲ್ಪ ಬಾಯಿ ತೆರೆದುಕೊಂಡಿತ್ತು. ಬೆರಳು ತಾಗಿಸಿದೆ. ಅದು ಕಚ್ಚಿಕೊಂಡಿತು.

ಕೈ ಕೊಡವಿ ಹಿಂದೆ ಸರಿದೆ. ನನಗೆ ಮೊದಲು ಅನುಮಾನ ಬಂದದ್ದು ಶೀನನ ಮೇಲೆ.

"ಇದು ನಿನ್ನ ತಮಾಷೆಯೇನಯ್ಯ?"

"ಮಕ್ಕಳಾಣೆ ಇಲ್ಲ ಸರ್. ನಾನ್ ಊರಿಗ್ ಹೋಗಿ ವರ್ಷ ಆಯ್ತ್," ಎಂದ. ಅವನ ತುಟಿ ಬೆಳ್ಳಗಾಗಿತ್ತು. ಕೊಳವೆ ಜೋಡಿಸಿದವನು ನಾನೇ ಎಂಬುದು ಆಮೇಲೆ ನೆನಪಾಯಿತು.

ಕನ್ನಡಿಯಿಂದ ಬಿಸಿಲು ಹಾಯಿಸಿ ಬೋರಿನೊಳಗೆ ನೋಡಿದೆ. ತಳದಲ್ಲಿ ಒಣ ಕೆಂಪು ಗರಸು. ರಾಡು ಹೋದ ತೂತೂ ಇಲ್ಲ. ಮತ್ತೆ ಕೊಳವೆ ತೊಳೆದು, ಅದೇ ಬೋರಿಗೆ ಇಳಿಸಿ ಪೆಟ್ಟು ಹಾಕಿಸಿದೆ. ಗುಂಡು ಠಣ್ಣೆಂದು ಪುಟಿಯಿತು. ಎಷ್ಟು ಬಡಿದರೂ ರಾಡು ಬೆರಳಗಲವೂ ಇಳಿಯಲಿಲ್ಲ.

ಈಗ ಯಾವುದನ್ನು ಬರೆಯುವುದು? ಎರಡನ್ನೂ ಬರೆದೆ, ಕಂಡ ಕ್ರಮದಲ್ಲೇ. ಈ ಜಾಗದ ಮೇಲೆ ಟ್ಯಾಂಕಿನ ಭಾರ ಹೊರಿಸಲು ನನಗೆ ಧೈರ್ಯವಿಲ್ಲ ಎಂದು ಗೌಡರಿಗೆ ಹೇಳಿದೆ. ಅವರು ಜಗಲಿಯ ಕಡೆ ನೋಡಿದರು.

"ಕೊಟ್ಟಿಗೆ ತಾವ ನೋಡ್ತೀರಾ ಸಾ? ಚೆನ್ನಾಗಿದ್ರೆ ನಾಳೀಕೇ ಕಿತ್ತಾಕ್ತೀನಿ."

"ದನ ಎಲ್ಲಿ ಕಟ್ಟೀಯೆ? ನಿನ್ನ ತಲೆ ಮ್ಯಾಲಾ?" ಎಂದರು ಸಾಕಮ್ಮ.

"ನಿನ್ ಪಕ್ಕದಾಗೇ ಕಟ್ತೀನಿ ಕಣೇ, ಜಗಲಿ ಮ್ಯಾಲೆ."

ಊಟವಾದ ಮೇಲೆ ಕೊಟ್ಟಿಗೆಯ ಮಗ್ಗುಲಲ್ಲಿ ಎರಡನೆಯ ಬೋರು ತೆಗೆದೆವು. ಮೊದಲಿನಿಂದ ಕೊನೆಯವರೆಗೂ ಗಟ್ಟಿ ನೆಲ, ಒಂದು ತಕರಾರಿಲ್ಲ. ಟ್ಯಾಂಕು ಬಂದದ್ದು ಅಲ್ಲೇ. ಇಷ್ಟು ವರ್ಷವಾದರೂ ಬಿರುಕು ಬಿಟ್ಟಿಲ್ಲ.

ಡಬ್ಬಿಗೆ ಹಾಕಿಟ್ಟ ಮಣ್ಣಿನ ಮಾದರಿಗಳನ್ನು ಸಂಜೆ ಕಾದ ಮೇಣ ಸುರಿದು ಮುಚ್ಚುವುದು ಪದ್ಧತಿ. ಬೆಳಗ್ಗೆ ಚಿಪ್ಪಿನ ಸಮೇತ ಎತ್ತಿಟ್ಟಿದ್ದ ಕಪ್ಪು ಕೆಸರಿನ ಡಬ್ಬಿ ತೆರೆದೆ. ಕೆಸರು ಒಣಗಿ ಬೂದಿಯಂತಾಗಿತ್ತು, ಯಾರಿಗೂ ತೋರಿಸುವಂತಿರಲಿಲ್ಲ. ಚಿಪ್ಪು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿತ್ತು. ಸಾಕಮ್ಮ ಒಂದು ಲೋಟ ನೀರಿಗೆ ಉಪ್ಪು ಕದಡಿಸಿ ತರಿಸಿದರು. ಅದರಲ್ಲಿ ಹಾಕಿದ ಸ್ವಲ್ಪ ಹೊತ್ತಿಗೆ ಚಿಪ್ಪು ಬಾಯಿ ಬಿಟ್ಟಿತು.

"ಜೀವ ಐತೆ ಸಾ," ಎಂದರು. "ಎಲ್ಲಿಂದ ತಗುದ್ರೋ ಅಲ್ಲಿಗೇ ಬುಟ್ಬುಡಿ."

ನನ್ನ ಬಳಿ ಇದ್ದ ಸಾಕ್ಷಿ ಅದೊಂದೇ. ಕಾದ ಮೇಣದ ಪಾತ್ರೆ ಕೈಯಲ್ಲಿತ್ತು. ಜೀವ ಇರುವುದರ ಮೇಲೆ ಅದನ್ನು ಸುರಿಯಲು ನನ್ನಿಂದ ಆಗಲಿಲ್ಲ.

ಬಿಸಿಲು ಇಳಿದಿತ್ತು, ಕನ್ನಡಿ ಹಿಡಿದು ಫಲವಿರಲಿಲ್ಲ. ಮೊದಲ ಬೋರಿನ ಬಾಯಿಗೆ ಲೋಟ ಬಗ್ಗಿಸಿ, ಕಿವಿ ಕೊಟ್ಟು ಕೂತೆ. ಅಷ್ಟು ಆಳಕ್ಕೆ ಒಂದು ಹರಳು ಬಿದ್ದರೂ ಟಕ್ಕೆಂದು ಕೇಳುತ್ತದೆ. ಶೀನನೂ ಉಸಿರು ಹಿಡಿದು ಬಗ್ಗಿದ್ದ. ನೀರು ಬಿದ್ದ ಸದ್ದೂ ಇಲ್ಲ, ಚಿಪ್ಪು ತಳ ಮುಟ್ಟಿದ ಸದ್ದೂ ಇಲ್ಲ. ಅದೇಕೆಂದು ಇಂದಿಗೂ ನನಗೆ ಹೇಳಲು ಬಾರದು.

"ಮುಚ್ಚುವ ಸರ್," ಎಂದ ಶೀನ.

ಬುಟ್ಟಿಯಲ್ಲಿ ಮಣ್ಣು ತಂದು ಸುರಿದೆವು. ತೆಗೆದ ಮಣ್ಣೇ ಸರಿಹೋಯಿತು, ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕಾಲಿನಿಂದ ತುಳಿದು ನೆಲ ಸಮ ಮಾಡಿ, ಲೋಟವನ್ನು ತೊಳೆದು ಸಾಕಮ್ಮನವರ ಕೈಗೆ ಕೊಟ್ಟೆ.