ಕಸ್ತೂರಮ್ಮನ ಹೊಟ್ಟೆಯ ಗಡ್ಡೆ

ಗೋವಿನಕೋವಿಯ ಕಸ್ತೂರಮ್ಮ ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ನಿಂತು ಮಾತಾಡಿದವಳಲ್ಲ. ಗಂಡ ತೀರಿಕೊಂಡ ಮೇಲೂ ಅಷ್ಟೆ. ಭಾವ ಬಸವರಾಜಪ್ಪ ಪಡಸಾಲೆಯಲ್ಲಿ ಕೂತರೆ ಇವಳು ಅಡುಗೆಮನೆ ಬಾಗಿಲ ಮರೆಯಲ್ಲಿ. ಮಾತು ಕಡಿಮೆ, ಕಿವಿ ಮಾತ್ರ ಚುರುಕು.

ಹೊಟ್ಟೆ ಉಬ್ಬಿ ಅನ್ನ ಸೇರದಾದಾಗ ಭಾವನೇ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನಿಂಗ್ ಆಯಿತು, ರಕ್ತ ತೆಗೆದರು. ರಿಪೋರ್ಟ್ ಬಂದ ದಿನ ಡಾಕ್ಟರ ಕೋಣೆಗೆ ಭಾವ ಒಬ್ಬರೇ ಹೋದರು. ಇವಳು ರೂಢಿಯಂತೆ ಹೊರಗೆ ಬೆಂಚಿನ ಮೇಲೆ. ಹೊರಬಂದ ಭಾವ, ಗ್ಯಾಸಿನ ಗಡ್ಡೆಯಂತೆ ಎಂದರು. ನಂಬಿದಳು.

ಆ ಸಂಜೆ ಭಾವ ಹೆಂಡತಿಗೆ ಹೇಳುತ್ತಿದ್ದುದು ಬಾಗಿಲಾಚೆ ಕೇಳಿಸಿತು. ಗಡ್ಡೆ ಇರುವುದು ಅಂಡಾಶಯದಲ್ಲಂತೆ, ಕ್ಯಾನ್ಸರ್ ಇದ್ದರೂ ಇರಬಹುದಂತೆ, ಬೇಗ ತೆಗೆಸಿ ಅಂದರಂತೆ.

"ಮೆಕ್ಕೆಜೋಳ ಮುರಿಯೋದು ಮುಗೀಲಿ. ಈಗ ಆಯಮ್ಮ ಮಲಗಿದ್ರೆ ಆಳುಗಳಿಗೆ ರೊಟ್ಟಿ ಬಡಿಯೋರು ಯಾರು?"

ಕಸ್ತೂರಮ್ಮನ ಮೈ ಉರಿಯಿತು. ರೊಟ್ಟಿಗಾಗಿ ಅವಳ ಜೀವವನ್ನು ಸುಗ್ಗಿಯಾಚೆಗೆ ತಳ್ಳಿದ್ದರು, ಅದೂ ಅವಳಿಗೇ ತಿಳಿಸದೆ. ಸೆರಗು ಬಿಗಿದುಕೊಂಡು ಪಡಸಾಲೆಗೆ ಬಂದು ಭಾವನ ಎದುರಿಗೇ ನಿಂತಳು.

"ಭಾವಾರೆ, ಹೊಟ್ಟೆ ನಂದು. ನಾಳೆ ನಾನೇ ಡಾಕ್ಟರಮ್ಮನ ಹತ್ರ ಹೋಗ್ತೀನಿ. ರೊಟ್ಟಿ ನೀವೇ ಬಡೀರಿ."

ಓರಗಿತ್ತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಘಶ್ರೀ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕೆಲವು ಗಡ್ಡೆಗಳು ಸುತ್ತಲಿನ ಪ್ರೋಟೀನ್ ಕರಗಿಸುವ ಕಿಣ್ವಗಳನ್ನು ಸುರಿಸಿ, ದಾರಿ ಮಾಡಿಕೊಂಡು ಹರಡುತ್ತವೆ. ಆ ಕಿಣ್ವಗಳ ಕೈ ಕಟ್ಟುವ ವಸ್ತುಗಳೂ ಮೈಯಲ್ಲಿರುತ್ತವೆ. ಎರಡನ್ನೂ ಅಳೆದರೆ ಗಡ್ಡೆಯ ಗುಣ ತಿಳಿದೀತೇ ಅಂತ ಸಂಶೋಧನೆ ನಡೆದಿದೆ. ಒಪ್ಪಿದರೆ ಆಪರೇಷನ್ ಮಾಡಿ ತೆಗೆದ ಗಡ್ಡೆಯ ಚೂರನ್ನು ಅದಕ್ಕೂ ಕೊಡಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಮಾತ್ರ ಮಾಮೂಲಿ ಪರೀಕ್ಷೆಯಿಂದಲೇ ತೀರ್ಮಾನ.

"ಅಂದ್ರೆ ಒಂದು ಕರಗಿಸ್ತೈತೆ, ಇನ್ನೊಂದು ತಡೀತೈತೆ. ಚೂರು ತಗಳ್ರಿ ತಾಯಿ. ಆದ್ರೆ ಏನು ಬಂದ್ರೂ ನನಗೇ ಹೇಳ್ಬೇಕು. ನಮ್ಮನೆ ಗಂಡಸರ ಕೈಗೆ ಕೊಟ್ರೆ ಅದು ಗ್ಯಾಸಾಗಿ ಬರ್ತೈತೆ."

ಆ ವಾರವೇ ಆಪರೇಷನ್ ಆಯಿತು. ಆಳುಗಳೇನೂ ಉಪವಾಸ ಬೀಳಲಿಲ್ಲ.

ರಿಪೋರ್ಟ್ ಹಿಡಿದು ಡಾಕ್ಟರ್ ವಾರ್ಡಿಗೆ ಬಂದಾಗ ಭಾವ ಎದ್ದು, ಹೊರಗೆ ಮಾತಾಡೋಣ ಬನ್ನಿ ಎಂದರು. ಡಾಕ್ಟರ್ ಕದಲಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕಸ್ತೂರಮ್ಮನಿಗೇ ಹೇಳಿದರು: ಕ್ಯಾನ್ಸರ್ ಹೌದು, ಅಂಡಾಶಯ ದಾಟಿಲ್ಲ, ಗಾಯ ಮಾದ ಮೇಲೆ ಕಿಮೋ ಬೇಕು. ಅವಳು ಕೊನೆಯವರೆಗೂ ಕೇಳಿದಳು. ಕಿಮೋಗೆ ಯಾವತ್ತು ಬರಬೇಕೆಂದು ಮಾತ್ರ ವಿಚಾರಿಸಿದಳು.

"ಹೆದರಬ್ಯಾಡಮ್ಮ," ಅಂದರು ಭಾವ.

"ಹೆದರೋದು ಬಿಡೋದು ನಾನು ನೋಡ್ಕಂತೀನಿ. ನೀವು ಆವತ್ತಿಗೆ ಗಾಡಿ ಹೇಳ್ರಿ."