ಪ್ಲಗ್ಗಿನ ಬಣ್ಣ ಓದುವ ಮೆಕ್ಯಾನಿಕ್

ಬೆಳಗಿನ ಆರೂಕಾಲು. ಊರಾಚೆಯ ಖಾಲಿ ರಸ್ತೆಯಲ್ಲಿ ಬೈಕೊಂದು ಪೂರ್ತಿ ವೇಗದಲ್ಲಿ ಬರುತ್ತಿದೆ. ಇದ್ದಕ್ಕಿದ್ದಂತೆ ಅದರ ಸದ್ದು ನಿಲ್ಲುತ್ತದೆ. ಸವಾರರು ಓಟದ ನಡುವೆಯೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು, ಗಾಡಿಯನ್ನು ಸುಮ್ಮನೆ ಉರುಳಲು ಬಿಟ್ಟಿದ್ದಾರೆ. ನಮ್ಮ ಪಕ್ಕಕ್ಕೆ ಬಂದು ನಿಂತವರೇ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಅದನ್ನು ಇಕ್ಕಳದಲ್ಲೇ, ನನ್ನ ಜೊತೆ ಕಾಯುತ್ತಿದ್ದ ತಮ್ಮ ಹೆಂಡತಿಯ ಮುಂದೆ ಚಾಚುತ್ತಾರೆ. ಆಕೆ ಚೀಲದಿಂದ ಮೂರು ದಾರದ ರೀಲು ತೆಗೆದು ಪಕ್ಕಕ್ಕಿಟ್ಟು ಹೋಲಿಸುತ್ತಾರೆ.

"ಬಿಸ್ಕತ್ತಿನ ಬಣ್ಣ. ಈ ರೀಲಿಗೆ ಸರಿಯಾಗಿ ಹೊಂದತ್ತೆ," ಎನ್ನುತ್ತಾರೆ.

"ನನಗೂ ಹಾಗೇ ಕಾಣ್ತು," ಎನ್ನುತ್ತಾರೆ ಗಂಡ. ನನಗೂ ತೋರಿಸಿದರು. ನನಗೆ ಕಂಡದ್ದು ಮಸಿ ಹಿಡಿದ ಕಬ್ಬಿಣದ ತುಂಡು ಮಾತ್ರ.

ಓಣಿಯ ಜನಕ್ಕೆಲ್ಲ ಇವರು 'ಪ್ಲಗ್ ಮಾಮ'. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ಐದಾರು ಬೈಕು, ಪ್ರತಿಯೊಂದಕ್ಕೂ ನಾಲ್ಕು ಕಿಲೋಮೀಟರ್ ಓಟ. ಶೆಡ್ಡಿನ ಅರ್ಧ ಭಾಗ ಅವರದು, ಇನ್ನರ್ಧ ಹೆಂಡತಿಯ ಹೊಲಿಗೆ ಯಂತ್ರದ್ದು. ಗ್ರೀಸು ಬಟ್ಟೆಗೆ ತಾಗಬಾರದು ಎಂದು ನಡುವೆ ಪರದೆ ಕಟ್ಟಿದ್ದಾರೆ. ಜಗಳ ಮಾತ್ರ ಅದರಾಚೆ ಈಚೆ ಧಾರಾಳವಾಗಿ ಓಡಾಡುತ್ತದೆ.

"ಎಂಜಿನ್ನಿಗೆ ಪೆಟ್ರೋಲೂ ಬೇಕು, ಗಾಳೀನೂ ಬೇಕು," ಎಂದು ಮಾಮ ನನಗೆ ತಾಳ್ಮೆಯಿಂದ ಪಾಠ ಹೇಳುತ್ತಾರೆ. "ಪೆಟ್ರೋಲ್ ಜಾಸ್ತಿ ಆದ್ರೆ ಪ್ಲಗ್ ಕರೀ ಮಸಿ. ಅಳತೆ ಸರಿ ಇದ್ರೆ ಬಿಸ್ಕತ್ತು. ಗಾಳಿ ಜಾಸ್ತಿ ಆದ್ರೆ ಸುಣ್ಣದ ಹಾಗೆ ಬಿಳಿ. ಅದು ಕೆಟ್ಟದ್ದು. ಎಂಜಿನ್ ಕಾದು ಕೆಂಡ ಆಗತ್ತೆ, ಸೈಲೆನ್ಸರ್ ಪೈಪು ನೀಲಿಗೆ ತಿರುಗತ್ತೆ. ಪೂರ್ತಿ ಓಟದಲ್ಲೇ ಎಂಜಿನ್ ಆರಿಸಿದ್ರೆ ಆ ಹೊತ್ತಿನ ಬಣ್ಣ ಪ್ಲಗ್ಗಿನಲ್ಲಿ ಹಾಗೇ ಉಳಿಯತ್ತೆ."

ಬಣ್ಣ ಓದುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಇವರು ನಾಲ್ಕು ತಿಂಗಳ ಹಿಂದೆ ಎಡವಿದರು. ದವಾಖಾನೆಗಳಿಂದ ಲ್ಯಾಬಿಗೆ ರಕ್ತದ ಮಾದರಿ ಒಯ್ಯುವ ಹೆಣ್ಣುಮಗಳೊಬ್ಬಳು ಲ್ಯಾಬಿನ ಬೈಕು ತಂದಿದ್ದಳು. ಪೈಪು ಎಷ್ಟು ಕಾಯುತ್ತಿತ್ತೆಂದರೆ ಚಪ್ಪಲಿಯ ಅಂಚು ಕರಗಿತ್ತು. ಮಾಮ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ತೂತು ದೊಡ್ಡದು ಮಾಡಿದರು, ಓಡಿಸಿದರು, ಪ್ಲಗ್ ನೋಡಿದರು. ಬಿಸ್ಕತ್ತಿನ ಬಣ್ಣ. ಸರಿ ಇದೆ ಎಂದು ಕೊಟ್ಟುಬಿಟ್ಟರು.

ಮೂರನೆಯ ದಿನ ಹೆದ್ದಾರಿಯಲ್ಲಿ ಎಂಜಿನ್ ಕಾದು ಒಳಗೇ ಕಚ್ಚಿಕೊಂಡಿತು. ಚಕ್ರ ಬಿಗಿದು ಅವಳು ಬಿದ್ದಳು. ಮಣಿಕಟ್ಟು ಮುರಿಯಿತು, ಹನ್ನೆರಡು ಜನರ ಮಾದರಿ ಒಡೆದು ಹೋಯಿತು. ಆಯಿಲ್ ನೋಡದೆ ಓಡಿಸಿದ್ದಾಳೆ ಎಂದು ಲ್ಯಾಬಿನ ಮ್ಯಾನೇಜರು ಅವಳನ್ನು ರಸ್ತೆಯಿಂದ ತೆಗೆದು ಕೌಂಟರಿನಲ್ಲಿ ಕೂರಿಸಿದರು.

"ನನ್ನನ್ನೂ ಕೇಳಿದ್ರು. ಆಯಿಲ್ಲೇ ಇರಬೇಕು ಅಂದುಬಿಟ್ಟೆ," ಎನ್ನುವಾಗ ಮಾಮನ ದನಿ ಇಳಿಯುತ್ತದೆ. "ನಾನು ಹುಸಿ ಹೇಳಲಿಲ್ಲ. ಪ್ಲಗ್ ನೋಡಿದ್ದೆನಲ್ಲ, ನನ್ನ ಕಡೆಯಿಂದ ಎಲ್ಲ ಸರಿಯೇ ಅಂತ ನಂಬಿದ್ದೆ."

ಗುಟ್ಟು ಹಿಡಿದವರು ಹೆಂಡತಿ. ಬಿಳಿ ದಾರ ಕೊಡಿ ಎಂದರೆ ಈ ಮನುಷ್ಯ ದಿನಾ ಕೆನೆಬಣ್ಣದ್ದು ಕೊಡುತ್ತಿದ್ದರು. "ಮೊದಲು ಬೇಕಂತಲೇ ಗೋಳು ಹುಯ್ಕೊಳ್ತಿದಾರೆ ಅಂದ್ಕೊಂಡೆ. ಆಮೇಲೆ ಎಳಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ." ಎರಡೂ ಕಣ್ಣಿಗೆ ಪೊರೆ. ಒಂದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ದಿನ ಮಾಮ ಮನೆಗೆ ಹೋಗದೆ ನೇರ ಶೆಡ್ಡಿಗೆ ಬಂದು, ರಿಪೇರಿಗೆಂದು ಶೆಡ್ಡಿಗೆ ಮರಳಿ ಬಂದಿದ್ದ ಆ ಬೈಕಿನಿಂದ ತೆಗೆದಿಟ್ಟಿದ್ದ ಪ್ಲಗ್ ಹುಡುಕಿದರು.

"ಸುಣ್ಣ. ಅಪ್ಪಟ ಸುಣ್ಣ. ಪೊರೆ ಬಂದ ಕಣ್ಣಿಗೆ ಬಿಳಿಯೂ ಬಿಸ್ಕತ್ತಾಗಿ ಕಂಡಿತ್ತು. ಅಲ್ಲೇ ಕೂತುಬಿಟ್ಟೆ."

ಆಮೇಲೆ ನಿಜವಾದ ದೋಷವೂ ಸಿಕ್ಕಿತು. ಎಂಜಿನ್ ರಿಪೇರಿ ಮಾಡಿ ಚಾಲೂ ಮಾಡಿದ ಮೇಲೆ, ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಗೆ ನೀರು ಚಿಮುಕಿಸಿದಾಗ ಎಂಜಿನ್ನಿನ ದನಿಯೇ ಬದಲಾಯಿತು. ಕೂದಲೆಳೆಯ ಬಿರುಕಿನಿಂದ ಗಾಳಿ ನುಗ್ಗುತ್ತಿತ್ತು.

ಮಾಮ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಪ್ಲಗ್ಗನ್ನೂ ಕೊಳವೆಯನ್ನೂ ಹಿಡಿದು ಲ್ಯಾಬಿಗೆ ಹೋದರು. "ಆಯಿಲ್ ಅಲ್ಲ ಸಾರ್, ನನ್ನ ಕಣ್ಣು. ಆ ಹುಡುಗಿ ತಪ್ಪು ಏನೂ ಇಲ್ಲ," ಎಂದು ಅವಳೆದುರೇ ಹೇಳಿದರು. ಇದನ್ನು ಕೇಳಿ ನನಗೆ ಇವರ ಮೇಲೆ ತುಂಬ ಗೌರವ ಬಂತು. ಮ್ಯಾನೇಜರು ಅವಳಿಗೆ ರಸ್ತೆಯ ಕೆಲಸ ಮರಳಿ ಕೊಟ್ಟರು, ಬೈಕು ಮಾತ್ರ ಬೇರೆ ಗ್ಯಾರೇಜಿಗೆ ಹಾಕು ಎಂದರು. ಬೇಡ, ಇವರೇ ಮಾಡಲಿ ಎಂದು ಹಟ ಹಿಡಿದವಳು ಅವಳೇ.

ಇವತ್ತು ಅವಳು ಮತ್ತೆ ರಸ್ತೆಗಿಳಿಯುವ ಮೊದಲ ದಿನ. ಏಳು ಗಂಟೆಗೆ ಶೆಡ್ಡಿಗೆ ಬಂದ ಅವಳ ಮುಂದೆ ಮಾಮ, ಬೆಳಿಗ್ಗೆ ಓಡಿಸಿ ನೋಡಿದ್ದ ಅವಳ ಬೈಕಿನ ಪ್ಲಗ್ಗನ್ನೂ ರೀಲನ್ನೂ ಇಟ್ಟು, "ನೀನೇ ನೋಡು ತಾಯಿ, ನನ್ನ ಮಾತು ನಂಬಬೇಡ," ಎನ್ನುತ್ತಾರೆ.

ಅವಳು ಮುಲಾಜಿಲ್ಲದೆ ನೋಡುತ್ತಾಳೆ. ಬಗ್ಗಿ, ತಿರುಗಿಸಿ, ಎರಡೆರಡು ಸಲ. ಆಮೇಲೆ, "ಸರಿ ಇದೆ ಮಾಮ," ಎನ್ನುತ್ತಾಳೆ. ಮಾಮ ಪ್ಲಗ್ ಮತ್ತೆ ಕೂರಿಸಿದ ಮೇಲೆ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಾಳೆ. ತಿರುವಿನಲ್ಲಿ ಬೈಕು ಮರೆಯಾದರೂ ಮಾಮ ಕಿವಿಗೊಟ್ಟು ನಿಂತೇ ಇದ್ದಾರೆ.

ಮುಂದಿನ ತಿಂಗಳು ಇನ್ನೊಂದು ಕಣ್ಣಿನ ಸರದಿ. ಅದಾದ ಮೇಲೆ ಏನಾಸೆ ಎಂದು ಕೇಳುತ್ತೇನೆ.

"ಆಸೆ ಏನಿಲ್ಲ. ಗಾಡಿ ಹತ್ತಿ ಹೋದವರಿಗೆ ದಾರೀಲಿ ನನ್ನ ನೆನಪೇ ಬರಬಾರದು, ಅಷ್ಟೇ."